ಬೋಂಡಾನ ಮುನಿಸು

ನನ್ನ ಹಳೇ ಬನಿಯನ್ ಕಾಣೆಯಾಗಿತ್ತು. ತೊಳೆದು ತೊಳೆದು ಮೆತ್ತಗಾಗಿ, ಈ ಟೆಕ್ಸಸ್ ಸೆಖೆಯಲ್ಲಿ ಮೈಮೇಲೆ ಇದೆಯೋ ಇಲ್ಲವೋ ಗೊತ್ತಾಗದಂಥ ಬನಿಯನ್ ಅದು. ಹುಡುಕುತ್ತ ಹೋದರೆ ಮಗಳ ಕೋಣೆಯ ಗಾಜಿನ ಗೂಡಿನಲ್ಲಿ, ಟೆಗು ಎಂಬ ದೊಡ್ಡ ಜಾತಿಯ ಹಲ್ಲಿಯ ಮರಿಯ ಹೊಟ್ಟೆ ಕೆಳಗೆ ಸಿಕ್ಕಿತು.

"ಅಪ್ಪಾ, ತೊಳೀಲಾರದ ಅರಿವಿನೇ ಬೇಕು. ನಮ್ಮ ಮೈವಾಸನಿ ಅದಕ್ಕ ರೂಢಿ ಆಗಬೇಕು."

"ನಿನ್ನ ಟೀ ಶರ್ಟ್ ಇಡಬೇಕಿತ್ತು."

"ನಂದು ಅಷ್ಟು ವಾಸನಿ ಬರೂದಿಲ್ಲಪಾ."

ಬೋಂಡಾ ಅಂತ ಅವಳಿಟ್ಟ ಹೆಸರು. ತಲೆಯ ಮೇಲಿನ ಹಸಿರು ಇನ್ನೂ ಮಾಸಿಲ್ಲದ ಮರಿ. ಅದು ಬಂದಾಗಿನಿಂದ ಮನೆಯಲ್ಲಿ ಹುಕುಂಗಳೇ ಹುಕುಂ. ಮೊದಲ ವಾರ ಯಾರೂ ಗೂಡಿಗೆ ಕೈ ಹಾಕುವಂತಿಲ್ಲ. ಆಮೇಲೂ ಮೇಲಿನಿಂದ ಕೈ ಇಳಿಸಬಾರದು, ಅದರ ಲೆಕ್ಕದಲ್ಲಿ ಮೇಲಿನಿಂದ ಬರುವುದೆಲ್ಲ ಹದ್ದು. ಪಕ್ಕದಿಂದ, ನೆಲಕ್ಕೆ ತಾಗಿಸಿ ಅಂಗೈ ಚಾಚಿ ಸುಮ್ಮನೆ ಕೂರಬೇಕು. ತಿನಿಸು ಇಕ್ಕಳದಲ್ಲೇ ಕೊಡಬೇಕು, ಇಲ್ಲದಿದ್ದರೆ ಬೆರಳನ್ನೂ ಊಟದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಬುಸ್ ಅಂದಾಗ ಕೈ ಹಿಂದಕ್ಕೆ ಎಳೆಯಬಾರದು. ಎಳೆದರೆ, ಬುಸ್ ಅಂದರೆ ಜನ ಓಡುತ್ತಾರೆ ಎಂದು ಕಲಿತುಬಿಡುತ್ತದಂತೆ. (ಈ ಪಾಠವನ್ನು ನಮ್ಮ ಮನೆಯವರೆಲ್ಲ ಬೋಂಡಾಗಿಂತ ಮೊದಲೇ ಕಲಿತಿದ್ದಾರೆ.) ಅಷ್ಟೆಲ್ಲ ಮರ್ಯಾದೆ ಮಾಡಿದರೂ ಅದು ಒಮ್ಮೆ ಬಾಲ ಬೀಸಿ, ಮಣ್ಣಿನಲ್ಲಿ ಹೂತುಕೊಂಡು ಮೂತಿ ಮಾತ್ರ ಹೊರಗಿಟ್ಟುಕೊಂಡಿತು. "ಅದಕ್ಕೂ ಸ್ವಲ್ಪ ಟೈಮ್ ಬೇಕಲ್ರೀ" ಎಂದಳು ಹೆಂಡತಿ. ನಾನು ಆಫೀಸಿನಿಂದ ಬಂದು ಮೂತಿ ಊದಿಸಿಕೊಂಡು ಕೂತರೆ ಐದು ನಿಮಿಷ ಬಿಡದ ಮನೆ ಇದು.

ಪಳಗಿಸುವ ವಿಷಯಕ್ಕೆ ನನ್ನದೂ ಒಂದು ಸಿದ್ಧಾಂತವಿದೆ. ಅದನ್ನು ಹೇಳುವ ಮೊದಲು ಉಡದ ಕಥೆ ಹೇಳಬೇಕು, ಯಾಕೆಂದರೆ ನಾನು ಮುಧೋಳದ ಕಡೆಯವನು. ಟೆಗುವಿಗೂ ಉಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ, ಆದರೆ ನಡಿಗೆ, ನಾಲಗೆ, ಸಿಟ್ಟು ಎಲ್ಲ ಒಂದೇ. ನಮ್ಮೂರಿನ ಘೋರ್ಪಡೆ ರಾಜಮನೆತನಕ್ಕೆ ಆ ಹೆಸರು ಬಂದದ್ದೇ ಉಡದಿಂದ. ಬಹಮನಿ ಕಾಲದಲ್ಲಿ, ಈಗ ವಿಶಾಳಗಡ ಎನ್ನುವ ಖೇಳಣಾ ಕೋಟೆಯ ಮುತ್ತಿಗೆಯಲ್ಲಿ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆ ಏರಿದರಂತೆ. ನಮ್ಮಜ್ಜ ಇದನ್ನು ಹೇಳುವಾಗ ಹಗ್ಗದ ತುದಿ ತಾನೇ ಹಿಡಿದವನಂತೆ ಕೈ ಬಿಗಿ ಮಾಡುತ್ತಿದ್ದ. ಉಡದ ಪಟ್ಟು ಅಂದರೆ ಅಂಥದ್ದು, ಒಪ್ಪಿದೆ. ಆದರೆ ಐದಾರು ಕೆಜಿ ಪ್ರಾಣಿಗೆ ಕತ್ತಿ-ಗುರಾಣಿ ಸಮೇತ ಸಿಪಾಯಿಯನ್ನು ತೂಗುಬಿಟ್ಟರೆ? "ನೀ ಭಾಳ ಶಾಣ್ಯಾ ಆಗೀದಿ" ಎಂದು ಅಜ್ಜ ಕಥೆ ನಿಲ್ಲಿಸುತ್ತಿದ್ದ.

1670ರ ಸಿಂಹಗಡ ಕೋಟೆಯ ಕಥೆ ಇನ್ನೂ ಮಜಾ. ಶಿವಾಜಿಯ ಸರದಾರ ತಾನಾಜಿಯ ಉಡ ಯಶವಂತಿ ಎರಡು ಸಲ ಗೋಡೆಯಿಂದ ಹಿಂದಿರುಗಿತಂತೆ. ಕೊಂದುಬಿಡುತ್ತೇನೆ ಎಂದು ಗದರಿಸಿದ ಮೇಲೆ ಮೂರನೇ ಸಲ ಸೀದಾ ಏರಿತು. ಪಕ್ಕದಿಂದ ಕೈ ಚಾಚಿದ್ದಿಲ್ಲ, ಇಕ್ಕಳವಿಲ್ಲ, ಟೈಮ್ ಕೊಟ್ಟದ್ದಿಲ್ಲ. ಒಂದು ಗದರಿಕೆ ಸಾಕು, ಇದೇ ನನ್ನ ಸಿದ್ಧಾಂತ. ಆದರೂ ಅದನ್ನು ಅಲ್ಲಿಯವರೆಗೆ ತಯಾರು ಮಾಡಿದವನು ಯಾರು? ದಿನಾ ಮೊಟ್ಟೆ ಹಾಕಿ, ಕಚ್ಚಿಸಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳುವಷ್ಟು ಸಲಿಗೆ ಬೆಳೆಸಿದ ಬಡಪಾಯಿ ಒಬ್ಬ ಇದ್ದೇ ಇರಬೇಕು. ಅವನ ಹೆಸರಿಲ್ಲ. ಅವನ ಧೋತರ ಎಷ್ಟು ಹೋಯಿತೋ ಅದೂ ಇಲ್ಲ.

ಮಗಳಿಗೆ ಇದನ್ನೆಲ್ಲ ಹೇಳಿದೆ. "ಗದರಿಸಿದ್ರ ಅದು ಪಳಗಿದ್ದಲ್ಲ ಅಪ್ಪಾ, ಹೆದರಿದ್ದು" ಎಂದಳು. ಅಲ್ಲಿಗೆ ನನ್ನ ಸಿದ್ಧಾಂತ ಸ್ವಲ್ಪ ಕುಂಟತೊಡಗಿತು.

ಈಗೀಗ ಬೋಂಡಾ ತಾನಾಗಿ ಅವಳ ತೊಡೆ ಏರಿ ಮಲಗುತ್ತದೆ. ಪ್ರೀತಿ ಅಂತಾಳೆ. ತಣ್ಣನೆ ರಕ್ತದ ಪ್ರಾಣಿ, ಬಿಸಿ ಜಾಗ ಸಿಕ್ಕಿತು, ಮಲಗಿತು ಅಂದೆ. ತಕ್ಷಣ ಫೋನ್ ಹಿಡಿದು ತೋರಿಸಿದಳು: ಬೆದೆಗಾಲದಲ್ಲಿ ಟೆಗು ತಾನಿರುವ ಬಿಲಕ್ಕಿಂತ 10 ಡಿಗ್ರಿ ಸೆಲ್ಸಿಯಸ್‌ವರೆಗೆ ಮೈ ಬಿಸಿ ಮಾಡಿಕೊಳ್ಳುತ್ತದೆ ಎಂದು 2016ರಲ್ಲಿ ಬ್ರೆಜಿಲ್ ಮತ್ತು ಕೆನಡಾದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಬೆದೆಯ ವಿಷಯವನ್ನು ಮಗಳ ಜೊತೆ ವಾದ ಮಾಡಲು ನನಗೆ ಆಗಲಿಲ್ಲ. ನೀರು ಕುಡಿಯಲು ಎದ್ದು ಹೋದೆ.

ನಿಜವಾಗಿ ಸಿಟ್ಟು ಬರುವುದು ಬೇರೆಯವರ ಮೇಲೆ. ಮರಿ ಮುದ್ದಾಗಿದೆ ಎಂದು ತರುತ್ತಾರೆ. ನಾಲ್ಕು ಅಡಿ ಆದಾಗ ಮುದ್ದು ಮುಗಿಯುತ್ತದೆ. ಕಾರಿನಲ್ಲಿ ಹಾಕಿಕೊಂಡು ಹೋಗಿ ಕಾಡಿನಂಚಿಗೆ ಬಿಟ್ಟು, ಸ್ವಾತಂತ್ರ್ಯ ಕೊಟ್ಟೆ ಎನ್ನುತ್ತಾರೆ. ಸಾಕಿದವರ ಕೈತಪ್ಪಿದವು, ಬಿಟ್ಟವು ಸೇರಿ ಫ್ಲಾರಿಡಾದಲ್ಲಿ ಸಂತತಿ ಬೆಳೆದು, ಮೊಸಳೆಯ ಮೊಟ್ಟೆಗೂ ಬಾಯಿ ಹಾಕುತ್ತಿವೆ. 2021ರಲ್ಲಿ ಆ ರಾಜ್ಯ ಟೆಗುವನ್ನು ನಿಷೇಧದ ಪಟ್ಟಿಗೇ ಸೇರಿಸಿತು. ಮೊದಲೇ ಸಾಕಿದವರು ಪರವಾನಗಿ ಪಡೆದು, ಮೈಯೊಳಗೆ ಚಿಪ್ ಹಾಕಿಸಬೇಕು. ಚಿಪ್ ಹಾಕಬೇಕಾದ್ದು ಬಿಟ್ಟು ಬಂದವರಿಗೆ.

ಡಿಸೆಂಬರಿನಲ್ಲಿ ಊರಿಗೆ ಹೋಗುವುದಿದೆ. ಚಳಿಗಾಲದಲ್ಲಿ ಹೇಗೂ ಅದು ತಿಂಗಳುಗಟ್ಟಲೆ ಮಲಗುತ್ತದಲ್ಲ, ಮೂವರೂ ಹೋಗೋಣ ಅಂದೆ. "ಸಣ್ಣದೈತಿ, ಈ ವರ್ಷ ಮಲಗತೈತೋ ಇಲ್ಲೋ ಯಾರಿಗೆ ಗೊತ್ತು" ಎಂದಳು ಮಗಳು. ಸದ್ಯಕ್ಕೆ ಎರಡು ಟಿಕೆಟ್ ತೆಗೆದಿದ್ದೇವೆ. ಇಲ್ಲಿ ಉಳಿಯುವವರು ಯಾರು ಎಂಬ ಮಾತು ಬಂದಾಗಲೆಲ್ಲ ತಾಯಿ-ಮಗಳು ಇಬ್ಬರೂ ನನ್ನ ಕಡೆ ನೋಡುತ್ತಾರೆ.