ನ್ಯೂಯಾರ್ಕಿನ ತಿಗಣೆ, ನಮ್ಮೂರ ತಿಗಣೆ

ಇಲ್ಲಿ ನ್ಯೂಯಾರ್ಕಿನಲ್ಲಿ ಬಾಡಿಗೆ ಕರಾರಿನ ಜೊತೆ ಒಂದು ಹಾಳೆ ಬರುತ್ತದೆ. ಕಳೆದ ಒಂದು ವರ್ಷದಲ್ಲಿ ಈ ಮನೆಯಲ್ಲಿ, ಈ ಕಟ್ಟಡದಲ್ಲಿ ತಿಗಣೆ ಇತ್ತೇ, ಇದ್ದರೆ ಯಾವ ಮಹಡಿಯಲ್ಲಿ, ಮದ್ದು ಹೊಡೆಸಿದ್ದಾರೆಯೇ ಎಂದು ಮಾಲೀಕ ಅದರಲ್ಲಿ ಬರೆದುಕೊಡಬೇಕು. 2010ರಿಂದ ಇದು ಕಾನೂನು. ಬೆಂಗಳೂರಿನಲ್ಲಿ ಓನರ್ ಹತ್ತಿರ ಇದನ್ನು ಕೇಳಿದರೆ ಮನೆ ಸಿಕ್ಕಿದ ಹಾಗೆಯೇ! ನಮ್ಮಲ್ಲಿ ತಿಗಣೆ ಎಂದರೆ ಗಲೀಜು ಮನೆ ಎಂದೇ ಅರ್ಥ. ಅದಕ್ಕೆ ಬೇಕಾದ್ದು ಕೊಳೆಯಲ್ಲ, ರಕ್ತ. ಫಳಫಳ ಹೊಳೆಯುವ ಮನೆಗೂ ಸೂಟ್‌ಕೇಸಿನ ಹೊಲಿಗೆಯಲ್ಲಿ ಕೂತು ಬರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟಷ್ಟು ದಿನ ಅದು ಪಕ್ಕದ ಮನೆಗೂ ದಾಟುತ್ತಿರುತ್ತದೆ.

ಬರೀ ದದ್ದು ನೋಡಿ ತಿಗಣೆ ಎನ್ನಲು ಡಾಕ್ಟರಿಗೂ ಆಗದು. ಹೊದಿಕೆಯ ಹೊರಗಿದ್ದ ಕತ್ತು, ತೋಳುಗಳಲ್ಲಿ ಮೂರ್ನಾಲ್ಕು ದದ್ದು ಸಾಲಾಗಿ ಎದ್ದರೆ ಅನುಮಾನಪಡಬಹುದು, ಅಷ್ಟೇ. ಕೆಲವರಿಗೆ ಎರಡು ವಾರ ಕಳೆದು ಏಳುತ್ತದೆ, ಕೆಲವರಿಗೆ ಏಳುವುದೇ ಇಲ್ಲ. ಹಾಗಾಗಿಯೇ ಒಂದೇ ಮಂಚದಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರು "ನಿನಗೇನೋ ಅಲರ್ಜಿ" ಎಂದು ಬಿಡುವುದು. ಸಾಕ್ಷಿ ಹಾಸಿಗೆಯಲ್ಲಿರುತ್ತದೆ. ಟಾರ್ಚ್ ಹಿಡಿದು, ತಲೆದಿಸೆಯ ಹೊಲಿಗೆಯ ಉದ್ದಕ್ಕೂ ಹಳೆಯ ಎಟಿಎಂ ಕಾರ್ಡ್ ಎಳೆಯಿರಿ. ಶಾಯಿ ಸಿಡಿದಂತಹ ಕಪ್ಪು ಚುಕ್ಕೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ. ಕಂದುಗೆಂಪಾಗಿ ಹರಡಿದರೆ ಅದು ತಿಗಣೆಯ ಹಿಕ್ಕೆ. ಕಳಚಿದ ಪೊರೆ, 1 ಮಿ.ಮೀ. ಉದ್ದದ ಬಿಳಿ ಮೊಟ್ಟೆಗಳೂ ಅಲ್ಲೇ ಸಿಗುತ್ತವೆ.

ಕಚ್ಚಿದ್ದಕ್ಕೆ ಹೆಚ್ಚೇನೂ ಬೇಡ. ಸೋಪು ಹಾಕಿ ತೊಳೆದು ತಣ್ಣೀರ ಬಟ್ಟೆ ಇಡಿ. ತುರಿಕೆ ಜೋರಿದ್ದರೆ 1% ಹೈಡ್ರೊಕಾರ್ಟಿಸೋನ್ ಮುಲಾಮು ಕೆಲವು ದಿನ ಹಚ್ಚಿದರೆ ಸಾಕು. ಕೆರೆದು ಕೀವಾದರೆ, ಜ್ವರ ಬಂದರೆ ಅಥವಾ ಉಸಿರು ಕಟ್ಟಿದರೆ ಮಾತ್ರ ಡಾಕ್ಟರ ಬಳಿ ಓಡಿ.

ಇನ್ನು ಕೊಲ್ಲುವ ಮಾತು. ಮಂಚವನ್ನು ಅಂಗಳಕ್ಕೆಳೆದು ಸಂದುಗಳಿಗೆ ಕುದಿನೀರು ಹುಯ್ಯುವುದು, ಹಾಸಿಗೆಯನ್ನು ತಾರಸಿಯಲ್ಲಿ ಒಣಹಾಕುವುದು ನಮ್ಮ ಕ್ರಮ. ಇಲ್ಲಿನ ಕಂಪನಿಗಳು ಹೀಟರ್ ಇಟ್ಟು ಇಡೀ ಕೋಣೆಯನ್ನು 50 ಡಿಗ್ರಿ ದಾಟಿಸುತ್ತವೆ. ತತ್ವ ಒಂದೇ, ನಮ್ಮದು ಸೋಲುವುದು ಲೆಕ್ಕದಲ್ಲಿ. ಹತ್ತಿಯ ಹಾಸಿಗೆಯ ಮೇಲ್ಭಾಗ ಸುಡುತ್ತಿದ್ದರೂ ತಳ ತಣ್ಣಗಿರುತ್ತದೆ, ತಿಗಣೆ ಅತ್ತ ಇಳಿಯುತ್ತದೆ. 45 ಡಿಗ್ರಿಯಲ್ಲಿ ದೊಡ್ಡ ತಿಗಣೆ ಸಾಯಲು ಒಂದು ಗಂಟೆಗೂ ಹೆಚ್ಚು ಬೇಕು, ಮೊಟ್ಟೆ ಅದಕ್ಕೂ ಗಟ್ಟಿ. ಆದ್ದರಿಂದ ಬಿಸಿಲಿಗೆ ಹಾಕುವುದಿದ್ದರೆ ಬಟ್ಟೆ, ದಿಂಬಿನಂಥವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಮಾತ್ರ ತುಂಬಿ ಬಿಗಿಯಾಗಿ ಕಟ್ಟಿ, ನಡುವೆ ಥರ್ಮಾಮೀಟರ್ ತೂರಿಸಿ. ಅದು 50 ದಾಟಿ ಎರಡು ಗಂಟೆ ನಿಲ್ಲಬೇಕು. ಬಟ್ಟೆ ಒಣಗಿಸುವ ಡ್ರೈಯರ್ ಇದ್ದರೆ ಹೆಚ್ಚಿನ ಬಿಸಿಯಲ್ಲಿ 30 ನಿಮಿಷ. ದಪ್ಪ ಹಾಸಿಗೆಗೆ ಜಿಪ್ ಇರುವ ಪೂರ್ತಿ ಕವಚ ಹಾಕಿ, ವರ್ಷಕ್ಕೂ ಹೆಚ್ಚು ಕಾಲ ತೆಗೆಯಬೇಡಿ, ಉಪವಾಸವಿದ್ದೂ ತಿಂಗಳುಗಟ್ಟಲೆ ಬದುಕುವ ಹುಳ ಅದು.

ಮೊಟ್ಟೆ ಒಡೆಯಲು ಆರರಿಂದ ಹತ್ತು ದಿನ. ನಮ್ಮಲ್ಲಿ ಒಂದು ಭಾನುವಾರ ಕುದಿನೀರು ಹುಯ್ದು ಕೈ ತೊಳೆದುಕೊಳ್ಳುತ್ತಾರೆ. ಎರಡು ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಮಾಡಬೇಕು.

ಸೀಮೆಎಣ್ಣೆ ಬೇಡವೇ ಬೇಡ. ಇಲ್ಲಿಯವರೇನೂ ಕಡಿಮೆಯಿಲ್ಲ, ಸ್ಪಿರಿಟ್ ಸಿಂಪಡಿಸಿ ಮನೆಗೆ ಬೆಂಕಿ ಹಚ್ಚಿಕೊಂಡವರಿದ್ದಾರೆ. ಅಂಗಡಿಯಲ್ಲಿ ಸಿಗುವ, ಪೈರೆಥ್ರಾಯ್ಡ್ ಎಂಬ ಕೀಟನಾಶಕದ ಸ್ಪ್ರೇಗಳಿಗೆ ಬಹಳಷ್ಟು ತಿಗಣೆಗಳು ಈಗ ಜಗ್ಗುವುದಿಲ್ಲ. ಹೊಗೆ ಬಾಂಬಂತೂ ಸಂದಿನೊಳಗೆ ಇಳಿಯುವುದೇ ಇಲ್ಲ.

ಇಲ್ಲಿ ಮಂಚದ ನಾಲ್ಕು ಕಾಲಿಗೂ ಪ್ಲಾಸ್ಟಿಕ್ ಬಟ್ಟಲು ಇಡುತ್ತಾರೆ, ಇರುವೆ ಹತ್ತದಂತೆ ನಾವು ಅಲಮಾರಿಯ ಕಾಲಿಗೆ ನೀರಿನ ಬಟ್ಟಲು ಇಟ್ಟಂತೆ. ಬಟ್ಟಲಿನ ನುಣುಪು ಗೋಡೆಯಲ್ಲಿ ಜಾರಿ ತಿಗಣೆ ಒಳಗೇ ಉಳಿಯುತ್ತದೆ. ಮಂಚ ಗೋಡೆಗೆ ತಾಗಬಾರದು, ಹೊದಿಕೆಯಾಗಲಿ ಸೊಳ್ಳೆಪರದೆಯಾಗಲಿ ನೆಲ ಮುಟ್ಟಬಾರದು. ಮುಟ್ಟಿದರೆ ಅದೇ ಏಣಿ. ಊರಿಗೆ ಈ ಬಟ್ಟಲು ಒಯ್ಯುವವರು ಒಂದು ನೆನಪಿಡಿ: ಇಲ್ಲಿಯ ತಿಗಣೆ ಸೈಮೆಕ್ಸ್ ಲೆಕ್ಟುಲೇರಿಯಸ್, ನಮ್ಮ ಕಡೆ ಹೆಚ್ಚಿರುವುದು ಸೈಮೆಕ್ಸ್ ಹೆಮಿಪ್ಟೆರಸ್. ಎರಡನೆಯದರ ಕಾಲಿನಲ್ಲಿ ಅಂಟುವ ರೋಮ ಹೆಚ್ಚು, ಅದು ಆ ನುಣುಪು ಗೋಡೆಯನ್ನೂ ಹತ್ತಿಬಿಡುತ್ತದೆ. ಅಲ್ಲಿಗೆ ಅಜ್ಜಿಯ ನೀರಿನ ಬಟ್ಟಲೇ ವಾಸಿ, ಎರಡು ಹನಿ ಸೋಪು ಬೆರೆಸಿದರೆ ಬಿದ್ದದ್ದು ಮುಳುಗುತ್ತದೆ.