ಶಟರ್ ಎಳೆದ ಅರ್ಧ ಗಂಟೆ

ಸೌದಿಯ ರಿಯಾದ್‌ನಲ್ಲಿ ಸುಮಾರು ವರ್ಷ ಕಳೆದವರನ್ನ ಗುರುತು ಹಿಡಿಯೋದು ಸುಲಭ. ಒಂದು ಪ್ಯಾಕೆಟ್ ಹಾಲು ತರೋಕೆ ಹೊರಟರೂ ಮೊದಲು ಮೊಬೈಲ್ ನೋಡ್ತಾರೆ, ಆಮೇಲೆ ಕಿಟಕಿಯಿಂದ ಆಕಾಶ ನೋಡ್ತಾರೆ, "ಈಗ ಹೋದ್ರೆ ಸಲಾ ಒಳಗೆ ವಾಪಸ್ ಬರಬಹುದಾ" ಅಂತ ಗೊಣಗಿಕೊಳ್ತಾರೆ. ಸಲಾ ಅಂದ್ರೆ ನಮಾಜ್, ಆದ್ರೆ ಇವರು ನಮಾಜ್ ಮಾಡೋರೇ ಆಗಿರಬೇಕು ಅಂತೇನಿಲ್ಲ. ಮಂಗಳೂರಿನ ಪೊರ್ಬು ಇರಲಿ, ಉಡುಪಿಯ ಭಟ್ರು ಇರಲಿ, ಆಸ್ಪತ್ರೆಯ ಫಿಲಿಪಿನೋ ನರ್ಸ್ ಇರಲಿ, ಎಲ್ಲರಿಗೂ ಇಳಿಹೊತ್ತಿನ ಅಸರ್ ನಮಾಜ್ ಎಷ್ಟೊತ್ತಿಗೆ, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ಎಷ್ಟೊತ್ತಿಗೆ, ರಾತ್ರಿಯ ಇಶಾ ಎಷ್ಟೊತ್ತಿಗೆ ಅನ್ನೋದು ಬಾಯಿಪಾಠ. ಯಾಕಂದ್ರೆ ಮಸೀದಿಯಲ್ಲಿ ಬಾಂಗ್ ಆಯ್ತು ಅಂದ್ರೆ ಊರಿಗೆ ಊರೇ ಶಟರ್ ಎಳೀತಿತ್ತು.

ಎಳೀತಿತ್ತು ಅಂತ ಬರೀತಿದ್ದೀನಿ, ಈಗ ಎಳೆಯಲ್ಲ. ಹಾಗಾಗಿನೇ ಆ ಶಟರ್ ಬಗ್ಗೆ ಸ್ವಲ್ಪ ಹರಟೋಣ ಅನ್ನಿಸ್ತು, ಮರೆತುಹೋಗೋ ಮೊದಲು, ಯಾಕಂದ್ರೆ ಈ ದೇಶದಲ್ಲಿ ಜನ ಮರೆಯೋ ಸ್ಪೀಡು ನೋಡಿದ್ರೆ ಭಯ ಆಗುತ್ತೆ.

ಶಟರ್ ಅಂದ್ರೆ ಬರೀ ಬಟ್ಟೆ ಅಂಗಡಿ, ಚಿನ್ನದ ಅಂಗಡಿ ಅಲ್ಲ. ಪೆಟ್ರೋಲ್ ಬಂಕ್, ಮೆಡಿಕಲ್, ಹೋಟೆಲ್, ಸಲೂನ್, ಬಕಾಲ ಅನ್ನೋ ಮೂಲೆ ಕಿರಾಣಿ ಅಂಗಡಿ, ಎಲ್ಲಾ ಬಂದ್. ಬೆಳಗಿನ ಜಾವದ ಫಜರ್ ಹೊತ್ತಿಗೆ ಹೇಗೂ ಅಂಗಡಿ ತೆಗೆದಿರಲ್ಲ, ಅದು ಬಿಟ್ಟು ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಇಪ್ಪತ್ತೈದೋ ಮೂವತ್ತೋ ನಿಮಿಷ, ಕೆಲವರು ನಲವತ್ತಕ್ಕೂ ಎಳೆಯೋರು. ಚಳಿಗಾಲದಲ್ಲಂತೂ ಲೆಕ್ಕ ಇನ್ನೂ ಕಷ್ಟ. ಡಿಸೆಂಬರ್‌ನಲ್ಲಿ ಇಲ್ಲಿ ಐದು ಗಂಟೆ ಸುಮಾರಿಗೇ ಸೂರ್ಯ ಮುಳುಗ್ತಾನೆ, ಆಗ ಮಗ್ರಿಬ್. ಉಮ್ಮುಲ್ ಖುರಾ ಅನ್ನೋ ಇಲ್ಲಿಯ ಸರ್ಕಾರಿ ಪಂಚಾಂಗದ ಪ್ರಕಾರ ಅಲ್ಲಿಂದ ಸರಿಯಾಗಿ 90 ನಿಮಿಷಕ್ಕೆ ಇಶಾ, ರಂಜಾನ್‌ನಲ್ಲಿ ಮಾತ್ರ 120 ನಿಮಿಷ. ಆಫೀಸ್ ಬಿಟ್ಟು, ಟ್ರಾಫಿಕ್ಕಲ್ಲಿ ಸಿಕ್ಕಿ, ಮಗ್ರಿಬ್ ಮುಗಿಸಿ ಅಂಗಡಿಯವನು ಶಟರ್ ಎತ್ತೋವರೆಗೆ ಕಾದು ಒಳಗೆ ಹೋದ್ರೆ ನಿಮ್ಮ ಕೈಯಲ್ಲಿರೋದು ಒಂದು ಗಂಟೆ ಅಷ್ಟೇ. ಅಷ್ಟರಲ್ಲಿ ಮಕ್ಕಳ ಶೂ, ಅಡುಗೆಮನೆ ಸಾಮಾನು, ಊರಿಗೆ ಹೋಗೋರ ಕೈಲಿ ಕಳಿಸೋ ಪಾರ್ಸಲ್ಲು, ಎಲ್ಲಾ ಆಗಬೇಕು. ಹೆಂಗಸರು ಚೂಡಿದಾರದ ಬಟ್ಟೆ ಬಿಡಿಸಿ ನೋಡ್ತಾ ಇರುವಾಗಲೇ ಸೇಲ್ಸ್ ಹುಡುಗ ಲೈಟ್ ಆಫ್ ಮಾಡೋಕೆ ಶುರು ಮಾಡ್ತಿದ್ದ, ಬೋರ್ಡ್ ಹತ್ರದ್ದು ಮೊದಲು, ಆಮೇಲೆ ಹಿಂದಿನದ್ದು, ಕೊನೆಗೆ ಕೌಂಟರ್ ಮೇಲಿನದ್ದು, ಬಾಯಲ್ಲಿ ಮಾತ್ರ "ಸಲಾ ಮೇಡಂ, ಸಲಾ".

ಸೂಪರ್ ಮಾರ್ಕೆಟಿನ ಕಥೆ ಬೇರೆ. ಅಲ್ಲಿ ಹೊರಗಿನ ಬಾಗಿಲು ಹಾಕೋರು, ಒಳಗಿದ್ದೋರು ಒಳಗೇ. ಬೇಕಾದಷ್ಟು ಸುತ್ತಿ, ಟ್ರಾಲಿ ತುಂಬಿಸಿ, ಆದ್ರೆ ಬಿಲ್ ಮಾಡೋಕೆ ಜನ ಇಲ್ಲ. ಬಿಲ್ಲಿನ ಕೌಂಟರ್ ಮುಂದೆ ಟ್ರಾಲಿಗಳನ್ನ ಸಾಲಾಗಿ ನಿಲ್ಲಿಸಿ ಅದಕ್ಕೊಂದು ಕೈ ಒರಗಿಸಿ ನಿಂತ ಸುಡಾನಿ, ಪಾಕಿಸ್ತಾನಿ, ಈಜಿಪ್ಷಿಯನ್, ನಮ್ಮೋರು, ಎಲ್ಲರ ಮುಖದಲ್ಲೂ ಒಂದೇ ಭಾವ. ಐಸ್‌ಕ್ರೀಮ್ ತಗೊಂಡವರು ಮತ್ತೆ ಫ್ರೀಜರ್‌ಗೆ ಇಟ್ಟು ಬಂದು, ಬಾಗಿಲು ತೆಗೆಯೋ ಹೊತ್ತಿಗೆ ಮತ್ತೆ ಓಡಿಹೋಗಿ ತರೋರು. ಹೊರಗೆ ಮಾಲ್‌ನಲ್ಲಿ ಆದ್ರೆ ಅಬಾಯಾ ಹಾಕಿದ ಹೆಂಗಸರು ಮುಚ್ಚಿದ ಅಂಗಡಿ ಶಟರಿಗೇ ಬೆನ್ನು ಕೊಟ್ಟು ಮಾರ್ಬಲ್ ನೆಲದ ಮೇಲೆ ಕೂತು, ಕಾಲು ಚಾಚಿ, ಮಕ್ಕಳಿಗೆ ಚಿಪ್ಸ್ ಕೊಡ್ತಾ ಇರೋರು. ದೊಡ್ಡ ದೊಡ್ಡ ಬ್ರ್ಯಾಂಡ್ ಅಂಗಡಿ ಮುಂದೆ ನೆಲದ ಮೇಲೆ ಅಷ್ಟು ಆರಾಮಾಗಿ ಕೂತ ಜನರನ್ನ ನಾನು ಬೇರೆಲ್ಲೂ ನೋಡಿಲ್ಲ, ಜಾತ್ರೆಯಲ್ಲಿ ಬಯಲಾಟ ಶುರುವಾಗೋಕೆ ಕಾಯ್ತಾ ಚಾಪೆ ಹಾಸಿ ಕೂತ ಹಾಗೆ.

ಗಂಡಸರಿಗೆ ಮಾತ್ರ ಈ ಸಲಾ ಟೈಮು ದೇವರು ಕೊಟ್ಟ ವರ. ಮನೆಯಲ್ಲಿ ಶಾಪಿಂಗ್ ಮಾತು ಎತ್ತಿದ ತಕ್ಷಣ "ಈಗ ಹೊರಟ್ರೆ ಮಗ್ರಿಬ್‌ಗೆ ಸಿಕ್ಕಾಕ್ಕೊಳ್ತೀವಿ ಕಣೆ, ಆಮೇಲೆ ನೋಡೋಣ" ಅಂದ್ರೆ ಮುಗೀತು. ಆಮೇಲೆ ಅಂದಾಗ ಇಶಾ ಬರುತ್ತೆ. ಇಶಾ ಆದ್ಮೇಲೆ "ನಾಳೆ ಆಫೀಸು". ವಾದ ಮಾಡೋಕೆ ಜಾಗನೇ ಇಲ್ಲ. ನನಗೆ ಗೊತ್ತಿರೋ ಕಾರ್ಕಳ ಕಡೆಯವರೊಬ್ಬರು ಇದೇ ನೆಪದಲ್ಲಿ ಒಂದಿಡೀ ಚಳಿಗಾಲ ಕರ್ಟನ್ ಬದಲಾಯಿಸದೆ ದಾಟಿಸಿದ್ರು.

ಇಷ್ಟೆಲ್ಲ ಈಗ ತಮಾಷೆಯಾಗಿ ಹೇಳ್ತೀವಿ, ಆಗ ಅದರ ಹಿಂದೆ ಹೆದರಿಕೆನೂ ಇತ್ತು. ಮುತವ್ವ ಅನ್ನೋ ಧಾರ್ಮಿಕ ಪೊಲೀಸರು ದೊಡ್ಡ ಜಿಎಂಸಿ ಗಾಡಿಯಲ್ಲಿ ಮೈಕ್ ಹಿಡ್ಕೊಂಡು "ಸಲಾ, ಸಲಾ" ಅಂತ ಬೀದಿ ಬೀದಿ ಸುತ್ತೋರು. ಹೋಟೆಲ್ ಒಳಗೆ ಊಟ ಮಾಡ್ತಿದ್ದೋರನ್ನ ಒಳಗೇ ಕೂರಿಸಿ, ಶಟರ್ ಎಳೆದು, ಲೈಟ್ ಡಿಮ್ ಮಾಡಿ, ಹೊರಗಿನವನು ಬಂದು ಬಡಿದ್ರೆ ಸಪ್ಲಾಯರ್ ಬಗ್ಗಿ ಶಟರ್ ಕೆಳಗಿನ ಸಂದಿಯಿಂದ ಮೊದಲು ಅವನ ಚಪ್ಪಲಿ ನೋಡ್ತಿದ್ದ, ಬೂಟಾ, ರಬ್ಬರ್ ಚಪ್ಪಲಿಯಾ ಅಂತ. ರಬ್ಬರ್ ಚಪ್ಪಲಿ ಆದ್ರೆ ಗಿರಾಕಿ, ಶಟರ್ ಒಂದು ಮೊಳ ಮೇಲೆ. ಅಷ್ಟು ಜಾಗದಲ್ಲಿ ನುಸುಳಿ ಒಳಗೆ ಹೋಗೋ ಕಲೆ ರಿಯಾದ್‌ನ ಬ್ಯಾಚುಲರ್‌ಗಳಿಗೆಲ್ಲ ಗೊತ್ತಿತ್ತು.

2016 ರ ಏಪ್ರಿಲ್‌ನಲ್ಲಿ ಸರ್ಕಾರ ಮುತವ್ವರಿಗೆ ಹಿಡಿಯೋ, ಬೆನ್ನಟ್ಟೋ, ಇಕಾಮ ಅನ್ನೋ ವಾಸದ ಪರ್ಮಿಟ್ ಕೇಳೋ ಅಧಿಕಾರನೇ ಇಲ್ಲ ಅಂದುಬಿಡ್ತು. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು. 2018 ರ ಏಪ್ರಿಲ್‌ನಲ್ಲಿ ಮೂವತ್ತೈದು ವರ್ಷದ ನಂತರ ಸಿನಿಮಾ ಥಿಯೇಟರ್ ಬಂತು, ಅದೇ ಜೂನ್ 24 ಕ್ಕೆ ಹೆಂಗಸರ ಕೈಗೆ ಸ್ಟೀರಿಂಗ್ ಬಂತು, 2019 ರ ಕೊನೆಗೆ ಹೋಟೆಲ್‌ಗಳಲ್ಲಿ ಫ್ಯಾಮಿಲಿಗೊಂದು ಬಾಗಿಲು, ಬ್ಯಾಚುಲರ್‌ಗೊಂದು ಬಾಗಿಲು ಇರಲೇಬೇಕು ಅನ್ನೋ ರೂಲ್ಸ್ ಹೋಯ್ತು. ಜೊತೆಗೇ ನಮ್ಮ ಜೇಬಿಗೂ ಕತ್ತರಿ ಬಂತು ಅನ್ನಿ, ವ್ಯಾಟ್ 5 ಇದ್ದದ್ದು 2020 ರ ಜುಲೈನಲ್ಲಿ ಏಕ್‌ದಂ 15 ಪರ್ಸೆಂಟ್, ಹೆಂಡ್ತಿ ಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್‌ನಿಂದ ಶುರುವಾದ ಫ್ಯಾಮಿಲಿ ಟ್ಯಾಕ್ಸ್ ವರ್ಷಕ್ಕೆ ನೂರು ನೂರು ಏರಿ 400 ಕ್ಕೆ ನಿಂತಿತು, ಎಷ್ಟೋ ಜನ ಫ್ಯಾಮಿಲಿ ಊರಿಗೆ ಕಳಿಸಿ ಮತ್ತೆ ಬ್ಯಾಚುಲರ್ ರೂಮಿಗೆ ಬಂದ್ರು. ಹೋಟೆಲ್‌ನಲ್ಲಿ ಫ್ಯಾಮಿಲಿ ಬಾಗಿಲ ಕಟ್ಟುಪಾಡು ಹೋಗೋ ಹೊತ್ತಿಗೆ ನಮ್ಮವರ ಹತ್ರ ಫ್ಯಾಮಿಲಿನೇ ಇರಲಿಲ್ಲ.

ಶಟರ್ ವಿಷ್ಯ ಮಾತ್ರ ಇಷ್ಟು ಜೋರಾಗಿ ಆಗಲಿಲ್ಲ. ದೊಡ್ಡ ಘೋಷಣೆ ಇಲ್ಲ, ಟಿವಿಯಲ್ಲಿ ಚರ್ಚೆ ಇಲ್ಲ. 2019 ರಲ್ಲಿ ಅಂಗಡಿಗಳು ಫೀಸು ಕಟ್ಟಿ 24 ಗಂಟೆ ತೆಗೀಬಹುದು ಅಂತ ಬಂತು, 24 ಗಂಟೆ ಅಂದ್ರೆ ಸಲಾ ಟೈಮೂ ಸೇರಿಯಾ ಅಂತ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ, ಕೆಲವರು ಧೈರ್ಯ ಮಾಡಿ ತೆಗೆದಿಟ್ರು. ಆಮೇಲೆ ಕೊರೋನಾ ಬಂತು. 2021 ರ ಜುಲೈನಲ್ಲಿ ಇಲ್ಲಿಯ ಛೇಂಬರ್ ಆಫ್ ಕಾಮರ್ಸ್‌ಗಳ ಒಕ್ಕೂಟದಿಂದ ಒಂದು ಸರ್ಕ್ಯುಲರ್, ಅಂಗಡಿ ಮುಂದೆ ಜನ ಗುಂಪುಗೂಡಿ ಕಾಯೋದು ತಪ್ಪಿಸೋಕೆ ಸಲಾ ಹೊತ್ತಲ್ಲೂ ತೆಗೆದಿಡಿ ಅಂತ. ಕಾರಣ ನೋಡಿ ಎಷ್ಟು ಸಾದಾ. ದಶಕಗಳಿಂದ ನಡೆದುಬಂದದ್ದು ಒಂದು ಸರ್ಕ್ಯುಲರ್‌ನಲ್ಲಿ ಹೋಯ್ತು. ಅದಕ್ಕೆ ಎರಡು ತಿಂಗಳ ಮುಂಚೆ ಮಸೀದಿ ಮೈಕ್ ಸೌಂಡು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಡಬಾರದು ಅಂತ ಆಗಿತ್ತು, ಹಾಗಾಗಿ ಈಗ ಬಾಂಗ್ ಕೇಳಿಸೋದೂ ಮೆಲ್ಲಗೆ, ಶಟರ್ ಸದ್ದಂತೂ ಇಲ್ಲವೇ ಇಲ್ಲ.

ಗಿರಾಕಿಗಳಾದ ನಮಗೆಲ್ಲ ಖುಷಿಯೇ. ಸುಳ್ಳು ಹೇಳಬಾರದು, ಜ್ವರ ಬಂದ ಮಗೂನ ಕಾರಲ್ಲಿ ಮಲಗಿಸಿಕೊಂಡು ಮೆಡಿಕಲ್ ಶಾಪ್ ತೆಗೆಯೋಕೆ ಕಾದವರು ಯಾರೂ ಆ ಹಳೇ ಕಾಲನೇ ಚೆನ್ನಾಗಿತ್ತು ಅನ್ನಲ್ಲ. ಆದ್ರೆ ಈ ಕಥೆಯಲ್ಲಿ ಶಟರ್ ಎಳೆಯೋ ಕೈ ಒಂದಿತ್ತಲ್ಲ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ ಅನ್ನೋದೇ ನನ್ನ ತಕರಾರು.

ರಿಯಾದ್‌ನ ಹಳೇ ಪೇಟೆ ಬತ್ಹಾ ಕಡೆ ಹೋದವರಿಗೆ ಗೊತ್ತು. ಆಗೆಲ್ಲ ಸಲಾ ಹೊತ್ತಿಗೆ ಅಂಗಡಿ ಮೆಟ್ಟಿಲು ಮೆಟ್ಟಿಲಲ್ಲೂ ಹುಡುಗರು. ಬಂಗಾಳಿ, ಮಲಯಾಳಿ, ನಮ್ಮ ಭಟ್ಕಳ, ಉಪ್ಪಿನಂಗಡಿ ಕಡೆಯ ಹುಡುಗರು. ನಮಾಜ್ ಮುಗಿಸಿ ಬಂದೋರೊಂದಿಷ್ಟು, ಬೇರೆ ಧರ್ಮದೋರೊಂದಿಷ್ಟು, ಎಲ್ಲರ ಕೈಯಲ್ಲೂ ಒಂದೊಂದು ಪೇಪರ್ ಕಪ್ಪು, ಹಾಲಿಲ್ಲದ ಸುಲೈಮಾನಿ ಚಾ. ಬೆಳಗ್ಗೆಯಿಂದ ನಿಂತೇ ಇರೋ ಕೆಲಸ ಅದು, ಎಷ್ಟೋ ಅಂಗಡಿಗಳಲ್ಲಿ ಸೇಲ್ಸ್ ಹುಡುಗರಿಗೆ ಕೂರೋಕೆ ಒಂದು ಸ್ಟೂಲೂ ಇಡಲ್ಲ, ಕೂತ್ರೆ ಗಿರಾಕಿಗೆ ಮರ್ಯಾದೆ ಕೊಟ್ಟ ಹಾಗಾಗಲ್ಲ ಅಂತೆ. ಆ ಹುಡುಗರು ದಿನದಲ್ಲಿ ಕೂರ್ತಿದ್ದದ್ದು ಆವಾಗ. ಮನೆಗೆ ಫೋನ್ ಮಾಡ್ತಿದ್ದದ್ದು ಆವಾಗ. ಒಬ್ಬ ಹುಡುಗ ಶೂ ಬಿಚ್ಚಿ, ಸಾಕ್ಸೂ ಬಿಚ್ಚಿ, ಕಾಲ್ಬೆರಳು ಒಂದೊಂದಾಗಿ ಎಳೆದು ಲಟಿಕೆ ತೆಗೀತಾ ವಿಡಿಯೋ ಕಾಲ್‌ನಲ್ಲಿ ಅಮ್ಮನ ಹತ್ರ "ಊಟ ಆಯ್ತು, ಆಯ್ತು" ಅಂತಿದ್ದ, ಊಟ ಆಗಿರಲಿಲ್ಲ, ಪಕ್ಕದಲ್ಲೇ ಬಿಚ್ಚದ ಪೊಟ್ಟಣ ಇತ್ತು. ಧಣಿಗೂ ಏನೂ ಹೇಳೋ ಹಾಗಿರಲಿಲ್ಲ, ಯಾಕಂದ್ರೆ ಆ ಅರ್ಧ ಗಂಟೆ ದೇವರ ಲೆಕ್ಕ, ಧಣಿಯ ಲೆಕ್ಕ ಅಲ್ಲ.

ಹಾಗಂತ ಕಾನೂನಲ್ಲಿ ಬಿಡುವೇ ಇಲ್ಲ ಅಂತಲ್ಲ. ಐದು ಗಂಟೆಗಿಂತ ಜಾಸ್ತಿ ಒಟ್ಟಿಗೆ ದುಡಿಸಬಾರದು, ನಡುವೆ ಕಡಿಮೆ ಅಂದ್ರೂ ಅರ್ಧ ಗಂಟೆ ಬಿಡುವು ಕೊಡಬೇಕು, ವಿಶ್ರಾಂತಿಗೆ, ನಮಾಜ್‌ಗೆ, ಊಟಕ್ಕೆ ಅಂತ ಇಲ್ಲಿಯ ಲೇಬರ್ ಲಾ ಹೇಳುತ್ತೆ. ಬಿಸಿಲಲ್ಲಿ ಕೆಲಸ ಮಾಡೋರಿಗೆ ಜೂನ್ 15 ರಿಂದ ಸೆಪ್ಟೆಂಬರ್ 15 ರ ತನಕ ಮಧ್ಯಾಹ್ನ 12 ರಿಂದ 3 ಕೆಲಸನೇ ಇಲ್ಲ. ಹತ್ತು ಜನ ಇರೋ ದೊಡ್ಡ ಅಂಗಡಿಯಲ್ಲಿ ಸರದಿ ಪ್ರಕಾರ ಬಿಡುವು ಸಿಗುತ್ತೆ, ಸರಿ. ಒಬ್ಬನೇ ಇರೋ ಬಕಾಲದಲ್ಲಿ? ಅವನು ಎದ್ದು ಹೋದ್ರೆ ಗಲ್ಲಾಪೆಟ್ಟಿಗೆ ಯಾರು ಕಾಯೋದು? ಮುಂಚೆ ಅವನ ಪರವಾಗಿ ಶಟರ್ ಕಾಯ್ತಿತ್ತು.

ನಮ್ಮ ಬಿಲ್ಡಿಂಗ್ ಕೆಳಗಿನ ಬಕಾಲ ನಡೆಸೋದು ಮಲಪ್ಪುರಂ ಕಡೆಯ ಒಬ್ಬ ಕಾಕ. ಖುಬ್ಬೂಸ್ ರೊಟ್ಟಿ, ಮೊಸರು, ರೀಚಾರ್ಜ್ ಕಾರ್ಡ್, ಕರಿಬೇವು, ಎಲ್ಲಾ ಒಂದು ರೂಮಿನಷ್ಟು ಜಾಗದಲ್ಲಿ. "ಈಗ ಬಂದ್ ಮಾಡಲ್ವಾ ಕಾಕ?" ಅಂತ ಒಂದಿನ ಕೇಳಿದೆ. ಕಾಕ ಏನೂ ಹೇಳದೆ ತಲೆ ಮೇಲಿನ ಮೂಲೆಗೆ ಕಣ್ಣು ತೋರಿಸಿದ್ರು. ಸಿಸಿಟಿವಿ. ಕಫೀಲ್, ಅಂದ್ರೆ ವೀಸಾ ಕೊಟ್ಟ ಸೌದಿ ಧಣಿ, ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ನೋಡ್ತಾನಂತೆ, ಅಂಗಡಿ ತೆಗೆದಿದೆಯಾ ಅಂತ. ಮೊದಲು ಮುಚ್ಚಿಲ್ಲ ಅಂದ್ರೆ ಹೆದರಿಕೆ, ಈಗ ಮುಚ್ಚಿದ್ರೆ ಹೆದರಿಕೆ, ನಮಗೆ ಯಾವ ಕಾಲ ಬಂದ್ರೂ ಹೆದರಿಕೆ ಒಂದೇ ಅಂತ ಮಲಯಾಳ, ಹಿಂದಿ ಬೆರೆಸಿ ಹೇಳಿ ನಕ್ಕರು. ನಮಾಜ್ ಅಂಗಡಿ ಹಿಂದಿನ ರಟ್ಟಿನ ಡಬ್ಬಗಳ ನಡುವೆ ಮಾಡ್ತಾರೆ, ಅಲ್ಲಿಂದ ಬಾಗಿಲು ಕಾಣುತ್ತೆ. ಗಿರಾಕಿ ಬಂದ್ರೆ ಕಾಯ್ತಾನೆ, ಕಾಯದವನು ದುಡ್ಡು ಕೌಂಟರ್ ಮೇಲಿಟ್ಟು ಹೋಗ್ತಾನೆ.

ಎಲ್ಲರೂ ಹೀಗೆ ಅಂತಲೂ ಅಲ್ಲ. ಈಗಲೂ ತಾವಾಗಿ ಶಟರ್ ಎಳೆಯೋ ಸಣ್ಣ ಅಂಗಡಿಗಳಿವೆ, ಯಾರೂ ಕೇಳದಿದ್ರೂ ಎಳೀತಾರೆ, ಅಂಥವರ ಬಾಗಿಲಲ್ಲಿ ನಿಂತು ಕಾಯೋದಕ್ಕೆ ನನಗೆ ಬೇಜಾರಿಲ್ಲ. ಇನ್ನು ಮಾಲ್‌ಗಳಲ್ಲಿ ಕೌಂಟರ್ ಹಿಂದೆ ಕೂತಿರೋದು ಬಹಳ ಕಡೆ ಸೌದಿ ಹುಡುಗಿಯರು. 2030 ರೊಳಗೆ ಕೆಲಸ ಮಾಡೋ ಸೌದಿ ಹೆಂಗಸರ ಪಾಲು 30 ಪರ್ಸೆಂಟ್ ಆಗಬೇಕು ಅಂತ ಸರ್ಕಾರದ ವಿಷನ್ 2030 ಯೋಜನೆಯಲ್ಲಿ ಇಟ್ಟ ಗುರಿ ಎಷ್ಟೋ ವರ್ಷ ಮುಂಚೆನೇ ದಾಟಿಹೋಯ್ತು. ಸಲಾ ಹೊತ್ತಿಗೆ ಇವರು "ಐದು ನಿಮಿಷ" ಅಂತ ಕೈ ತೋರಿಸಿ ಎದ್ದು ಹೋದ್ರೆ ಮ್ಯಾನೇಜರ್ ಉಸಿರೆತ್ತಲ್ಲ, ಅದೇ ಕೌಂಟರ್‌ನಲ್ಲಿ ನಮ್ಮ ಹುಡುಗ ಎದ್ದರೆ ಕಥೆ ಬೇರೆ. ಆ ಹುಡುಗಿಯರ ಮೇಲೆ ನನಗೇನೂ ಸಿಟ್ಟಿಲ್ಲ ಮತ್ತೆ, ಅವರು ಅಲ್ಲಿ ಕೂರೋಕೆ ಎಷ್ಟು ಮನೆಯಲ್ಲಿ ಎಷ್ಟು ಜಗಳ ಆಗಿದೆಯೋ.

ಬೈಕ್‌ನಲ್ಲಿ ಫುಡ್ ಡೆಲಿವರಿ ಮಾಡೋರದ್ದು ಇನ್ನೊಂದು ಅವಸ್ಥೆ. ಆ್ಯಪ್‌ಗೆ ಬಾಂಗ್ ಕೇಳಿಸಲ್ಲ. ಮಗ್ರಿಬ್ ಹೊತ್ತಲ್ಲಿ ನಾವು ಶಾವರ್ಮಾ ಆರ್ಡರ್ ಮಾಡಿ ಮ್ಯಾಪ್‌ನಲ್ಲಿ ಬೈಕ್ ಎಲ್ಲಿಗೆ ಬಂತು ಅಂತ ನೋಡ್ತಾ ಕೂರ್ತೀವಿ, ಮಸೀದಿ ಹತ್ರ ಬೈಕ್ ಎರಡು ನಿಮಿಷ ನಿಂತ್ರೆ "ಇವನೇನು ಅಲ್ಲೇ ನಿಂತಿದ್ದಾನೆ" ಅಂತ ನಮಗೇ ಅವಸರ.

ಒಂದು ಮಾತ್ರ ಹಾಗೇ ಉಳಿದಿದೆ. ಎಸಿ ರಿಪೇರಿಯವನನ್ನ ಯಾವಾಗ ಬರ್ತೀಯಪ್ಪ ಅಂದ್ರೆ "ಬಾದ್ ಮಗ್ರಿಬ್" ಅಂತಾನೆ, ಮಗ್ರಿಬ್ ಆದ್ಮೇಲೆ ಅಂತ, ಏಳು ಗಂಟೆಗೋ ಹತ್ತು ಗಂಟೆಗೋ, ಅದು ಅವನಿಗೂ ಗೊತ್ತಿರಲ್ಲ.

ಗಂಡಸರ ನೆಪ ಮಾತ್ರ ಪೂರ್ತಿ ಹೋಯ್ತು. ಮೇಲಾಗಿ ಡ್ರೈವಿಂಗೂ ಹೆಂಗಸರೇ ಕಲಿತಿದ್ದಾರೆ, ಕಾರ್ಕಳದವರ ಮನೆಯವರು ಲೈಸೆನ್ಸ್ ತಗೊಂಡ ವಾರದಲ್ಲೇ ಕರ್ಟನ್ ಬದಲಾಯ್ತು, ಸೋಫಾ ಕವರೂ ಬದಲಾಯ್ತು. ಹೊಸದಾಗಿ ಬಂದವರ ಹತ್ರ ಆದ್ರೂ ನಡೀಬಹುದು ಅಂತ ನನಗೊಂದು ಆಸೆ ಇತ್ತು. ಈಗ ಟೂರಿಸ್ಟ್ ವೀಸಾ ಸುಲಭ ಅಲ್ವಾ, ಬೆಂಗಳೂರಿಂದ ನಾದಿನಿ ಬಂದಿದ್ಲು, ಖರ್ಜೂರ, ಅತ್ತರು ಅಂತ ಮಾರುದ್ದ ಲಿಸ್ಟ್ ಹಿಡ್ಕೊಂಡು. ಸೋಫಾದಿಂದ ಏಳದೆನೇ ಗಂಭೀರವಾಗಿ, "ಈಗ ಹೊರಟ್ರೆ ಮಗ್ರಿಬ್‌ಗೆ ಸಿಕ್ಕಾಕ್ಕೊಳ್ತೀವಮ್ಮ, ಇಲ್ಲಿ ಎಲ್ಲಾ ಶಟರ್ ಎಳೆದುಬಿಡ್ತಾರೆ" ಅಂದೆ. ಅವಳು ಮೊಬೈಲ್ ನನ್ನ ಮುಖಕ್ಕೆ ಹಿಡಿದ್ಲು. "ಭಾವ, ರಾತ್ರಿ ಹನ್ನೆರಡರ ತನಕ ಓಪನ್ ಅಂತಿದೆ. ಅಕ್ಕ ಆಗಲೇ ಕಾರ್ ಸ್ಟಾರ್ಟ್ ಮಾಡಿದ್ದಾಳೆ, ನೀವು ಬ್ಯಾಗ್ ಹಿಡ್ಕೊಳ್ಳೋಕೆ ಬಂದ್ರೆ ಸಾಕು."