ಗುರು ನಗರ, ಶಿಷ್ಯ ನಗರ, ನಡುವೆ ಒಂದು ಶಾಲು

ನಮ್ಮ ಸ್ಥಳೀಯ ಸಂಸ್ಥೆಗಳು ಒಂದಕ್ಕೊಂದು ಸಹಾಯ ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಶುದ್ಧ ಅಪಪ್ರಚಾರ. ನಿಮ್ಮ ಬೀದಿಯ ಗುಂಡಿ ಬಗ್ಗೆ ನಗರಸಭೆಗೆ ಹೋಗಿ ದೂರು ಕೊಟ್ಟು ನೋಡಿ. "ಪಕ್ಕದ ಪುರಸಭೆಯವರ ರಸ್ತೆ ನೋಡಿದ್ದೀರಾ ಸಾರ್? ಅದಕ್ಕೆ ಹೋಲಿಸಿದರೆ ನಮ್ಮದು ಎಷ್ಟೋ ವಾಸಿ" ಎನ್ನುತ್ತಾರೆ. ಪಕ್ಕದ ಪುರಸಭೆಗೆ ಹೋದರೆ ಅವರು ನಿಮ್ಮೂರಿನ ಗುಂಡಿಯ ಫೋಟೊ ತೋರಿಸುತ್ತಾರೆ. ಒಬ್ಬರ ಗುಂಡಿ ಇನ್ನೊಬ್ಬರ ಮಾನ ಕಾಯುತ್ತಿದೆ. ಒಂದು ಠರಾವಿಲ್ಲ, ಒಂದು ರೂಪಾಯಿ ಅನುದಾನವಿಲ್ಲ. ಆದರೂ ಇಷ್ಟು ವರ್ಷ ತಪ್ಪದೆ ನಡೆದುಕೊಂಡು ಬಂದಿದೆ. ಸಹಕಾರ ಅಂದರೆ ಇದಲ್ವಾ?

ದೆಹಲಿಯವರಿಗೆ ಮಾತ್ರ ಇದು ಸಾಲಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 'ಸ್ವಚ್ಛ ಶಹರ್ ಜೋಡಿ' ಎಂಬ ಕಾರ್ಯಕ್ರಮ ಶುರು ಮಾಡಿತು. ಊರುಗಳ ಸ್ವಚ್ಛತೆಗೆ ಕೇಂದ್ರ ಅಂಕ ಕೊಡುವ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮುಂದೆ ಬಂದ 72 ನಗರಗಳು ಗುರುಗಳು. ಹಿಂದೆ ಬಿದ್ದ ಸುಮಾರು 200 ನಗರಗಳು ಶಿಷ್ಯರು. ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಬೇಕು. ಗುರು ಹೇಳಿಕೊಡಬೇಕು, ಶಿಷ್ಯ ಕಲಿಯಬೇಕು. ಅದಕ್ಕೆ 100 ದಿನದ ಗಡುವು.

ಯೋಚನೆ ಕೆಟ್ಟದ್ದೇನೂ ಅಲ್ಲ. ಕಸ ಎತ್ತುವುದು ಹೇಗೆ ಎಂದು ಮಂತ್ರಿಗಳ ಭಾಷಣದಿಂದ ಕಲಿಯುವುದಕ್ಕಿಂತ ಕಸ ಎತ್ತಿ ಗೊತ್ತಿರುವ ಊರಿನಿಂದ ಕಲಿಯುವುದು ಮೇಲು. ನನ್ನ ಚಿಂತೆ ಗುರುಗಳದ್ದು. ಲೆಕ್ಕ ಹಾಕಿದರೆ ಒಬ್ಬ ಗುರುವಿಗೆ ಹೆಚ್ಚುಕಡಿಮೆ ಮೂವರು ಶಿಷ್ಯರು. ಮೂರೂ ಊರಿನ ನಿಯೋಗಗಳು ಬರುತ್ತವೆ. ಬಂದವರಿಗೆಲ್ಲ ಹಾರ, ಪೇಟ, ಹಣ್ಣಿನ ಬುಟ್ಟಿ, ಶಾಲು ಆಗಬೇಕು. ಬೆಳಗ್ಗೆ ವಾರ್ಡಿಗೆ ಹೋಗುತ್ತಿದ್ದ ಗುರು ನಗರದ ಆಯುಕ್ತರು ಈಗ ರೈಲ್ವೆ ಸ್ಟೇಷನ್ನಿಗೆ ಹೋಗಬೇಕು. ನೂರು ದಿನ ಹೀಗೇ ನಡೆದರೆ ಶಿಷ್ಯ ಮೇಲೆ ಬರುತ್ತಾನೋ ಇಲ್ಲವೋ, ಗುರುವಂತೂ ಕೆಳಗೆ ಬರುತ್ತಾನೆ. ಹೇಗೂ ಅಂತರ ಕಡಿಮೆಯಾಯಿತಲ್ಲ, ಅದನ್ನೇ ಸಾಧನೆ ಎಂದು ಬರೆಯಬಹುದು.

ಈಗ ಒಂದು ನಗರಸಭೆ ಅಂದುಕೊಳ್ಳಿ. ಹೆಸರು ಯಾವುದಾದರೂ ಇರಲಿ, ನಿಮ್ಮೂರಿನದೇ ಆದರೂ ನನ್ನ ಅಭ್ಯಂತರವಿಲ್ಲ. ಅಲ್ಲಿ ಕಸದ ಸಮಸ್ಯೆ ಇದೆ. ಪರಿಹಾರಕ್ಕೆ ಮೊದಲ ಹೆಜ್ಜೆ ಏನು? ಅಧ್ಯಯನ ಪ್ರವಾಸ. ಎಲ್ಲಿಗೆ? ಇಂದೋರಿಗೆ. ಇದರಲ್ಲಿ ಚರ್ಚೆಯೇ ಇಲ್ಲ. ಸಾಮಾನ್ಯ ಸಭೆಯಲ್ಲಿ ಕುಡಿಯುವ ನೀರಿನ ವಿಷಯಕ್ಕೆ ಮೈಕ್ ಕಿತ್ತಾಡಿದವರು ಈ ವಿಷಯ ಬಂದಾಗ ಒಂದೇ ಕುಟುಂಬದವರಾಗುತ್ತಾರೆ. ಆಡಳಿತ ಪಕ್ಷ ಮಂಡಿಸುತ್ತದೆ, ವಿರೋಧ ಪಕ್ಷ ಅನುಮೋದಿಸುತ್ತದೆ.

ನಿಯೋಗದಲ್ಲಿ ಯಾರಿರುತ್ತಾರೆ ನೋಡಿ. ಅಧ್ಯಕ್ಷರು, ಉಪಾಧ್ಯಕ್ಷರು, ಸ್ಥಾಯಿ ಸಮಿತಿಯವರು. ಸ್ಥಾಯಿ ಸಮಿತಿ ಸಿಗಲಿಲ್ಲ ಎಂದು ಮುನಿಸಿಕೊಂಡವರು. ಮಹಿಳಾ ಸದಸ್ಯರ ಪರವಾಗಿ ಅವರ ಯಜಮಾನರು. ಬಿಲ್ಲು ನೋಡಿಕೊಳ್ಳಲು ಲೆಕ್ಕಪತ್ರ ವಿಭಾಗದ ಒಬ್ಬರು. ಆರೋಗ್ಯ ನಿರೀಕ್ಷಕರಿಗೆ ಮಾತ್ರ ಸೀಟಿಲ್ಲ. "ನೀವೂ ಬಂದರೆ ಇಲ್ಲಿ ಕಸ ಎತ್ತಿಸುವವರು ಯಾರ್ರೀ?" ಎಂದು ಅಧ್ಯಕ್ಷರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕಸದ ಕೆಲಸ ಗೊತ್ತಿರುವವರನ್ನೆಲ್ಲ ಊರಲ್ಲೇ ಬಿಟ್ಟು ಬಸ್ಸು ಹೊರಡುತ್ತದೆ.

2017ರಲ್ಲಿ ರಾಜ್ಯ ಸರ್ಕಾರ ಪೌರಕಾರ್ಮಿಕರನ್ನೇ ತಂಡ ಮಾಡಿ ಸಿಂಗಪುರಕ್ಕೆ ಕಳಿಸಿತ್ತು, ನೆನಪಿದೆಯಾ? ಪೊರಕೆ ಹಿಡಿಯುವವರಿಗೆ ವಿಮಾನ ಯಾಕೆ ಎಂದು ಆಗ ಮೂಗು ಮುರಿದವರಿದ್ದರು. ಪೊರಕೆ ಹಿಡಿಯದವರಿಗೆ ಯಾಕೆ ಎಂದು ಈವರೆಗೂ ಯಾರೂ ಕೇಳಿಲ್ಲ.

ಇಂದೋರಿನಲ್ಲಿ ನೋಡುವುದಕ್ಕೆ ನಿಜವಾಗಿಯೂ ಇದೆ, ಆ ಬಗ್ಗೆ ತಮಾಷೆ ಬೇಡ. 2017ರಿಂದ ಸರ್ವೇಕ್ಷಣೆಯಲ್ಲಿ ಸಾಲಾಗಿ ಮೊದಲ ಸ್ಥಾನ ಹಿಡಿದ ಊರು. ಅಲ್ಲಿ ಮನೆ ಬಾಗಿಲಲ್ಲೇ ಕಸ ಬೇರೆ ಬೇರೆ ಆಗುತ್ತದೆ, ಗಾಡಿಯಲ್ಲಿ ಬೇರೆ ಬೇರೆ ಡಬ್ಬಿಗೆ ಬೀಳುತ್ತದೆ. ದೇವಗುರಾಡಿಯಾ ಎಂಬಲ್ಲಿ ಬಿದ್ದಿದ್ದ ಲಕ್ಷಗಟ್ಟಲೆ ಟನ್ ಹಳೆ ಕಸದ ಗುಡ್ಡವನ್ನು ಕರಗಿಸಿದರು. ದಿನಕ್ಕೆ 550 ಟನ್ ಹಸಿ ಕಸದಿಂದ ಗ್ಯಾಸ್ ಮಾಡುವ ಘಟಕ 2022ರ ಫೆಬ್ರುವರಿಯಲ್ಲಿ ಶುರುವಾಯಿತು. ಮುಖ್ಯ ರಸ್ತೆಗಳನ್ನು ರಾತ್ರಿ ಗುಡಿಸುತ್ತಾರೆ.

ಆದರೆ ರಾತ್ರಿ ನಿಯೋಗಕ್ಕೆ ಪುರುಸೊತ್ತೆಲ್ಲಿ? ಅದು ಸರಾಫಾ ಬಜಾರಿನಲ್ಲಿರುತ್ತದೆ. ಹಗಲು ಚಿನ್ನ ಮಾರುವ ಆ ಬೀದಿಯಲ್ಲಿ ರಾತ್ರಿ ತಿಂಡಿ ಅಂಗಡಿಗಳು ತೆರೆಯುತ್ತವೆ. ನಿಯೋಗ ಜಿಲೇಬಿ ತಿಂದು ಎಲೆ ತಟ್ಟೆ ಎಸೆಯುತ್ತದೆ. ಅದು ಹೋದ ಮೇಲೆ ಗುಡಿಸುವವರು ಬರುತ್ತಾರೆ. ಯಾವ ಊರಿನವರು ಹೇಗೆ ಎಸೆಯುತ್ತಾರೆ ಎಂಬ ಅಧ್ಯಯನ ಅವರ ಕಡೆಯಿಂದ ಆಗಿರಬಹುದು. ಮರುದಿನ ಬೆಳಗ್ಗೆ ಉಜ್ಜಯಿನಿ. ಇಂದೋರಿನಿಂದ ಸುಮಾರು 55 ಕಿಲೋಮೀಟರ್. ಅದರ ಮರುದಿನ ಓಂಕಾರೇಶ್ವರ. ಎರಡು ಜ್ಯೋತಿರ್ಲಿಂಗದ ನಡುವೆ ಒಂದು ಕಸದ ಘಟಕ. ದೇಶದ ನಗರಸಭೆಗಳೆಲ್ಲ ಇಂದೋರಿನಿಂದಲೇ ಕಲಿಯಲು ಯಾಕೆ ಹಾತೊರೆಯುತ್ತವೆ ಎಂಬುದಕ್ಕೆ ಸರ್ವೇಕ್ಷಣೆಯ ಅಂಕಪಟ್ಟಿ ನೋಡಬೇಕಿಲ್ಲ, ಭೂಪಟ ನೋಡಿದರೆ ಸಾಕು.

ಘಟಕಕ್ಕೂ ಹೋಗುತ್ತಾರೆ, ಹೋಗುವುದಿಲ್ಲ ಎಂದಲ್ಲ. ಫೋಟೊ ಬೇಕಲ್ಲ. ಅಲ್ಲಿನ ಅಧಿಕಾರಿ ಪಾಪ, ಪ್ರೊಜೆಕ್ಟರ್ ಹಾಕಿಕೊಂಡು ಹಾಜರಿ ಹೇಗೆ ಹಿಡಿಯುತ್ತೇವೆ, ಗಾಡಿ ತಡವಾದರೆ ಯಾರನ್ನು ಕೇಳುತ್ತೇವೆ, ಮನೆಯವರಿಂದ ಶುಲ್ಕ ಹೇಗೆ ವಸೂಲಿ ಮಾಡುತ್ತೇವೆ ಎಂದು ವಿವರಿಸುತ್ತಾರೆ. ಕೊನೆಗೆ ಪ್ರಶ್ನೆ ಕೇಳಿ ಎನ್ನುತ್ತಾರೆ. ನಮ್ಮವರು ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಮೆಷಿನ್ ಸಪ್ಲೈ ಮಾಡಿದವರು ಯಾರು?"

ವಾಪಸ್ ಬಂದ ಮೇಲೆ ಕಲಿತದ್ದನ್ನು ಜಾರಿಗೆ ತರಬೇಕು. ಇಂದೋರಿನ ಬೀದಿಗಳಲ್ಲಿ ದೊಡ್ಡ ಕಸದ ತೊಟ್ಟಿಗಳೇ ಕಾಣಲಿಲ್ಲ ಎಂಬುದು ನಿಯೋಗದ ಮುಖ್ಯ ಶೋಧ. ಸರಿ, ಇಲ್ಲಿಯೂ ತೊಟ್ಟಿ ತೆಗೆಸಿ ಎಂದು ಆದೇಶವಾಗುತ್ತದೆ. ಇಂದೋರಿನವರು ಮನೆಮನೆಗೆ ಗಾಡಿ ಬರುವುದನ್ನು ಪಕ್ಕಾ ಮಾಡಿಕೊಂಡು ತೊಟ್ಟಿ ತೆಗೆದರು. ನಮ್ಮಲ್ಲಿ ಗಾಡಿ ಬರುವುದು ಎರಡು ದಿನಕ್ಕೊಮ್ಮೆ, ಮಳೆ ಬಂದರೆ ಅದೂ ಇಲ್ಲ. ಅನ್ನ ಬೇಯುವ ಮೊದಲೇ ಒಲೆ ಆರಿಸಿದ ಹಾಗಾಯಿತು. ತೊಟ್ಟಿ ಇದ್ದ ಜಾಗದಲ್ಲಿ ಈಗ ಬರೀ ಕಸ. ನಗರಸಭೆಯ ವರದಿಯಲ್ಲಿ 'ತೊಟ್ಟಿಮುಕ್ತ ನಗರ' ಎಂದು ಬರೆದಿದ್ದಾರೆ. ಸುಳ್ಳೇನಲ್ಲ.

ಇಷ್ಟು ದೂರ ಹೋಗಬೇಕಿತ್ತಾ ಎಂದು ನೀವು ಕೇಳಬಹುದು. 2016ರಲ್ಲಿ ಮೊದಲ ಸರ್ವೇಕ್ಷಣೆ ನಡೆದಾಗ 73 ನಗರಗಳ ಪೈಕಿ ಮೊದಲು ಬಂದದ್ದು ನಮ್ಮ ಮೈಸೂರು. ಅಲ್ಲಿನ ಕುಂಬಾರಕೊಪ್ಪಲಿನಲ್ಲಿ ಕಸ ವಿಂಗಡಿಸಿ ಗೊಬ್ಬರ ಮಾಡುವ, ಉಳಿದದ್ದನ್ನು ಮಾರುವ ಘಟಕವಿದೆ. ಆದರೆ ಮೈಸೂರಿಗೆ ಹೋದವರು ರಾತ್ರಿ ಊಟಕ್ಕೆ ಮನೆಗೆ ಬಂದುಬಿಡಬಹುದು. ಅದೇ ತೊಂದರೆ. ಅಂಥ ಕಡೆ ಆಳವಾದ ಅಧ್ಯಯನ ಸಾಧ್ಯವಿಲ್ಲ.

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ವಂಡ್ಸೆ ಎಂಬ ಗ್ರಾಮ ಪಂಚಾಯಿತಿ ಇದೆ. ನಗರಸಭೆಯೂ ಅಲ್ಲ, ಪುರಸಭೆಯೂ ಅಲ್ಲ. ಊರಿನ ಕಸವನ್ನು ಸ್ವಂತ ಘಟಕದಲ್ಲಿ ವಿಂಗಡಿಸಿ ಕಾಸು ಮಾಡುವುದನ್ನು ಕಲಿತು ಹೆಸರಾದ ಪಂಚಾಯಿತಿ. ನಿಯೋಗಗಳು ಮೂಕಾಂಬಿಕೆಯ ದರ್ಶನಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅದನ್ನು ಅಧ್ಯಯನ ಮಾಡಿವೆ. ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ಇನ್ನೊಂದು ಘಟಕ ಇದೆ. ದಿನಕ್ಕೆ 10 ಟನ್ ಒಣ ಕಸ ನಿಭಾಯಿಸುವ ಶಕ್ತಿಯದು. ಒಂದೊಂದು ಪಂಚಾಯಿತಿಯೂ ಇಂಥದ್ದನ್ನು ಕಟ್ಟಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಸುತ್ತಲಿನ ಹತ್ತಾರು ಪಂಚಾಯಿತಿಗಳ ಒಣ ಕಸ ಅಲ್ಲಿಗೇ ಹೋಗುತ್ತದೆ. ಗಾಡಿ ಬರುತ್ತದೆ, ತೂಕ ಆಗುತ್ತದೆ, ವಿಂಗಡಣೆ ಆಗುತ್ತದೆ. ಸ್ಥಳೀಯ ಸಂಸ್ಥೆಗಳು ಪರಸ್ಪರ ಕೈಜೋಡಿಸುವುದು ಅಂದರೆ ಹೀಗೆಯೇ ಇರಬೇಕು, ಅಷ್ಟು ನೀರಸವಾಗಿ. ಗುರುವಿಲ್ಲ, ಶಿಷ್ಯನಿಲ್ಲ, ಪೇಟವಿಲ್ಲ. ಇಂಥದ್ದರ ಬಗ್ಗೆ ಸಭೆಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಮಾತನಾಡಲು ಆಗುವುದಿಲ್ಲ. ಹಾಗಾಗಿ ಯಾರೂ ಮಾತನಾಡುವುದಿಲ್ಲ.

ಬೆಂಗಳೂರಿನ ಸಹಕಾರದ ಮಾದರಿ ಇದಕ್ಕಿಂತ ದೊಡ್ಡದು. ರಾಜಧಾನಿ ತನ್ನ ಕಸವನ್ನು ವರ್ಷಗಟ್ಟಲೆ ಸುತ್ತಲಿನ ಹಳ್ಳಿಗಳ ಜತೆ ಹಂಚಿಕೊಂಡಿತು. ಮಾವಳ್ಳಿಪುರದವರು 2012ರಲ್ಲಿ ಸಾಕು ಎಂದರು. ಮಂಡೂರಿನವರು 2014ರಲ್ಲಿ ರಸ್ತೆಗಿಳಿದರು. ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಆಮೇಲೆ ಬೇರೆ ಹಳ್ಳಿ, ಬೇರೆ ಕ್ವಾರಿ. ಮಹಾನಗರ ಪಾಲಿಕೆಯೊಂದು ಗ್ರಾಮ ಪಂಚಾಯಿತಿಗಳಿಂದ ಪಡೆದ ಇಷ್ಟು ದೊಡ್ಡ ನೆರವಿಗೆ ಒಂದು ಒಪ್ಪಂದವೂ ಬೇಕಾಗಲಿಲ್ಲ, ಲಾರಿ ಇದ್ದರೆ ಸಾಕಾಯಿತು. ಆ ಹಳ್ಳಿಯವರನ್ನು ಯಾರಾದರೂ ಗುರು ಎಂದು ಕರೆದು ಶಾಲು ಹೊದಿಸಿದ್ದು ನನಗೆ ನೆನಪಿಲ್ಲ.

ಇನ್ನು ಚುನಾವಣೆ ವಿಷಯದಲ್ಲಂತೂ ನಮ್ಮ ಸಂಸ್ಥೆಗಳ ಒಗ್ಗಟ್ಟಿಗೆ ಸಾಟಿಯೇ ಇಲ್ಲ. ನಗರ ಸಂಸ್ಥೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ ಸಂವಿಧಾನದ 243ಯು ವಿಧಿ. ಪಂಚಾಯಿತಿಗಳಿಗೂ ಇದೇ ಮಾತು. ಬೆಂಗಳೂರಿನಲ್ಲಿ 198 ಸದಸ್ಯರು 2015ರಲ್ಲಿ ಗೆದ್ದರು, ಅವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಡಳಿತಾಧಿಕಾರಿ ಬಂದು ಕೂತರು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು, ಅವುಗಳ ಅವಧಿ 2021ಕ್ಕೆ ಮುಗಿಯಿತು. ಅಲ್ಲಿಯೂ ಅಧಿಕಾರಿಗಳೇ ಬಂದು ಕೂತರು. "ನಿಮ್ಮದು ಯಾವಾಗ?" ಎಂದು ಇವರು ಅವರನ್ನು ಕೇಳಿದರೆ "ನಿಮ್ಮದಾಗಲಿ, ನಮಗೇನು ಅವಸರ" ಎನ್ನುವಷ್ಟು ಸೌಜನ್ಯ. ಐದು ವರ್ಷ ಸದಸ್ಯರಿಲ್ಲದೆ ನಡೆದ ಬೆಂಗಳೂರು ಪಾಲಿಕೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಮಾಡಿದರು. ಸದಸ್ಯರಿಲ್ಲದ ಪಾಲಿಕೆ ಒಂದಿದ್ದದ್ದು ಅಂದು ಐದಾಯಿತು. ಇನ್ನು ಮುಂದೆ ಅವು ಒಂದಕ್ಕೊಂದು ಸಹಕರಿಸಬಹುದು. ಸದಸ್ಯರೇ ಇಲ್ಲದಿದ್ದರೆ ಅಧ್ಯಯನ ಪ್ರವಾಸದ ಖರ್ಚಾದರೂ ಉಳಿಯುತ್ತದೆ ಎಂದು ಯಾರೋ ಹೇಳಿದರು. ಅವರಿಗೆ ಅಧಿಕಾರಿಗಳ ಪ್ರವಾಸದ ಬಗ್ಗೆ ಗೊತ್ತಿಲ್ಲ.

ನಮ್ಮ ಆ ನಗರಸಭೆಗೆ ವಾಪಸ್ ಬರೋಣ. ಅದಕ್ಕೂ ಒಬ್ಬ ಗುರು ಸಿಕ್ಕರು. ಗುರು ನಗರದಿಂದ ಹಿರಿಯ ಆರೋಗ್ಯ ನಿರೀಕ್ಷಕರೊಬ್ಬರು ಬಂದರು. ಸಭಾಂಗಣದಲ್ಲಿ ಬೆಳಗ್ಗೆ 11ಕ್ಕೆ ಸನ್ಮಾನ ಇಟ್ಟುಕೊಂಡಿದ್ದರು. ಈ ಪುಣ್ಯಾತ್ಮ 5.30ಕ್ಕೇ ಎದ್ದು ವಾರ್ಡಿನ ಹಾಜರಿ ತೆಗೆಯುವ ಜಾಗಕ್ಕೆ ಹೋಗಿ ನಿಂತುಬಿಟ್ಟರು. ಯಾರಿಗೂ ಹೇಳಲಿಲ್ಲ. ಸನ್ಮಾನದ ಹೊತ್ತಿಗೆ ಶಾಲು ಹೊದ್ದುಕೊಂಡೇ ಒಂದು ಪುಟದ ವರದಿ ಕೈಗಿಟ್ಟರು. 700 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕು ಎಂಬ ಸರ್ಕಾರದ ಲೆಕ್ಕಕ್ಕೆ ನಿಮ್ಮಲ್ಲಿ ಹಾಜರಿ ಪುಸ್ತಕ ಸರಿಯಾಗಿಯೇ ಇದೆ, ಬೀದಿಯಲ್ಲಿ ಮಾತ್ರ ಅದರ ಅರ್ಧ ಜನ ಕಂಡರು. ಇದ್ದವರಿಗೂ ಕೈಗವಸಿಲ್ಲ, ಬೂಟಿಲ್ಲ. ಒಣ ಕಸ, ಹಸಿ ಕಸ ಎರಡನ್ನೂ ಒಂದೇ ಟಿಪ್ಪರಿಗೆ ಸುರಿಯುತ್ತಿದ್ದಾರೆ. ಮೊದಲು ಇಷ್ಟು ಸರಿಮಾಡಿ, ಆಮೇಲೆ ನನ್ನನ್ನು ಕರೆಯಿರಿ. ಇಷ್ಟೇ ವರದಿ.

ತುರ್ತು ಸಭೆ ಸೇರಿತು. ಅತಿಥಿಗಳು ಹೀಗೆ ನಡೆದುಕೊಳ್ಳಬಾರದಿತ್ತು ಎಂದು ಹಿರಿಯ ಸದಸ್ಯರೊಬ್ಬರು ನೊಂದುಕೊಂಡರು. ಗುರು ಬದಲಿಸಲು ಅವಕಾಶವಿದೆಯೇ ಎಂದು ಸಚಿವಾಲಯಕ್ಕೆ ಪತ್ರ ಬರೆಯಲು ಒಪ್ಪಿಗೆಯಾಯಿತು. ಕೈಗವಸು, ಬೂಟು ಕೊಳ್ಳುವ ಬಗ್ಗೆ ಆರೋಗ್ಯ ನಿರೀಕ್ಷಕರು ಎದ್ದು ನಿಂತರು. ಅನುದಾನ ನೋಡಿಕೊಂಡು ಮಾಡೋಣ, ಕೂತ್ಕೊಳ್ಳಿ ಎಂದರು ಅಧ್ಯಕ್ಷರು. ಹಾಜರಿ ಪುಸ್ತಕಕ್ಕೂ ಬೀದಿಗೂ ಇರುವ ವ್ಯತ್ಯಾಸ ಗಂಭೀರ ವಿಷಯ, ಆತುರದಲ್ಲಿ ತೀರ್ಮಾನಿಸುವುದು ಬೇಡ, ಬೇರೆ ರಾಜ್ಯಗಳಲ್ಲಿ ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ನೋಡಿ ಬರಲು ನಿಯೋಗ ಕಳಿಸೋಣ ಎಂದು ಎಲ್ಲ ಪಕ್ಷದವರೂ ಒಪ್ಪಿದರು. ಚಂಡೀಗಢ ಆಗಬಹುದು, ಯೋಜನೆ ಹಾಕಿ ಕಟ್ಟಿದ ಊರು. ಅಲ್ಲಿಂದ ಶಿಮ್ಲಾ ಹೇಗೂ ಹತ್ತಿರ.

ಒಬ್ಬ ಸದಸ್ಯರು ಮಾತ್ರ ತಕರಾರು ಎತ್ತಿದರು. ಡಿಸೆಂಬರ್‌ನಲ್ಲಿ ಅಲ್ಲಿ ಚಳಿ ಜಾಸ್ತಿ, ಸ್ವೆಟರ್ ಇಲ್ಲದೆ ಹೋಗುವುದು ಹೇಗೆ? ಸಭೆಗೆ ಅದು ಸರಿ ಎನಿಸಿತು. ಸ್ವೆಟರ್ ಖರೀದಿಯನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂದು ಲೆಕ್ಕಪತ್ರ ವಿಭಾಗದವರು ಪೆನ್ನು ಹಿಡಿದು ಕೇಳಿದರು.

"ಘನತ್ಯಾಜ್ಯ ನಿರ್ವಹಣೆ, ಸುರಕ್ಷತಾ ಸಾಮಗ್ರಿ ಅಂತ ಬರೀರಿ" ಎಂದರು ಅಧ್ಯಕ್ಷರು.